ಕ್ಯಾಂಪ್ ಟ್ರೇಲರಿನ ಒಕ್ಕಲು

ಸರ್ಕಾರಿ ವಾಹನವೊಂದು ನಿಂತಲ್ಲೇ ನಿಂತಿತು ಅಂದರೆ ಅದರ ಮೇಲೆ ಮೊದಲು ಧೂಳು ಕೂರುತ್ತದೆ, ಆಮೇಲೆ ಹಕ್ಕಿ ಕೂರುತ್ತದೆ, ಕೊನೆಗೆ ಒಂದು ಫೈಲು ಕೂರುತ್ತದೆ. ಧೂಳನ್ನು ಒರೆಸಬಹುದು. ಹಕ್ಕಿ ತಾನಾಗಿ ಹಾರಿಹೋಗುತ್ತದೆ. ಫೈಲು ಮಾತ್ರ ಏಳುವುದಿಲ್ಲ. ಸ್ಟೋರ್ ಗುಮಾಸ್ತನಾಗಿ ಸವೆಸಿದ ನನ್ನ ಸರ್ವೀಸಿನಲ್ಲಿ ಇಂಥದ್ದು ಮತ್ತೆ ಮತ್ತೆ ನಡೆಯಿತು. ಹೆಚ್ಚಿನವು ಮರೆತುಹೋಗಿವೆ. ಟ್ರೇಲರಿನದ್ದು ಮಾತ್ರ ಮರೆತಿಲ್ಲ.

ನಾನಿದ್ದದ್ದು ರಸ್ತೆ ಮಾಡಿಸುವ ಒಂದು ಇಲಾಖೆಯ ಶಿರಸಿ ಕಚೇರಿಯಲ್ಲಿ. ಇಲಾಖೆಯ ಹೆಸರು ಹೇಳುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಕಚೇರಿಯ ಹಿಂದೆ ದೊಡ್ಡ ಅಂಗಳ. ಡಾಂಬರಿನ ಡ್ರಮ್ಮು, ಹಿಡಿಕೆ ಮುರಿದ ಕೈಗಾಡಿ, ಒಂದು ರೋಡ್ ರೋಲರು, ಒಂದು ಹಲಸಿನ ಮರ, ಎಲ್ಲವೂ ನನ್ನ ಚಾರ್ಜಿನಲ್ಲಿ. ಕಾನಸೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಟೈಪಿಸ್ಟ್ ಒಬ್ಬ, ಬನವಾಸಿ ಕಡೆಯ ರೋಲರ್ ಡ್ರೈವರ್ ಒಬ್ಬ, ಇವರಿಬ್ಬರು ನನ್ನ ಜೊತೆಗಾರರು. ಎಂಜಿನಿಯರ್ ಸಾಹೇಬರು ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಮುಖ ಬದಲಾದರೂ ಮಾತು ಬದಲಾಗುತ್ತಿರಲಿಲ್ಲ. ಆದ್ದರಿಂದ ಎಲ್ಲರನ್ನೂ ಬರೀ ಸಾಹೇಬರು ಅಂತಲೇ ಕರೆಯುತ್ತೇನೆ, ಓದುವವರಿಗೂ ಸಲೀಸು.

೧. ಒಂದು ಮಧ್ಯಾಹ್ನದ ಕ್ಯಾಂಪು

ತೊಂಬತ್ತರ ದಶಕದ ನಡುವೆ ಒಂದು ದಿನ ಹುಬ್ಬಳ್ಳಿ ಕಡೆಯಿಂದ ಟ್ರ್ಯಾಕ್ಟರೊಂದು ಹಳದಿ ಬಣ್ಣದ ಗಾಲಿಮನೆಯನ್ನು ಎಳೆದುಕೊಂಡು ಬಂತು. ಕಾಗದದಲ್ಲಿ ಅದರ ಹೆಸರು ಕ್ಯಾಂಪ್ ಟ್ರೇಲರ್. ನಾಲ್ಕು ಗಾಲಿ, ಎರಡು ಕಿಟಕಿ, ಒಳಗೆ ರೈಲಿನಲ್ಲಿದ್ದ ಹಾಗೆ ಮೇಲೊಂದು ಕೆಳಗೊಂದು ಮಲಗುವ ಹಲಗೆ, ಸ್ಟೋವ್ ಇಡಲು ಒಂದು ಕಟ್ಟೆ, ಗಾಳಿಯಾಡಲು ಛಾವಣಿಯಲ್ಲಿ ಎರಡು ತೂತು. ರಸ್ತೆ ಕೆಲಸ ನಡೆಯುವ ಜಾಗದಲ್ಲೇ ಎಂಜಿನಿಯರು ಉಳಿದು, ಜಲ್ಲಿ ಎಷ್ಟು ಬಿತ್ತು, ಡಾಂಬರು ಎಷ್ಟು ಬಿತ್ತು ಅಂತ ಕಣ್ಣಾರೆ ನೋಡಲಿ ಎಂಬುದು ಅದನ್ನು ಕಳಿಸಿದವರ ಆಸೆ. ಅವರು ಎಂಜಿನಿಯರುಗಳನ್ನು ಹತ್ತಿರದಿಂದ ನೋಡಿರಲಿಲ್ಲ ಅಂತ ಕಾಣುತ್ತದೆ.

ಸಾಹೇಬರಿಗೆ ಹುರುಪೇನೋ ಬಂತು. ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಟ್ರೇಲರನ್ನು ಯಲ್ಲಾಪುರ ರಸ್ತೆಯ ಕಾಡಿನ ನಡುವೆ ನಿಲ್ಲಿಸಿದೆವು. ಮೂರು ದಿನದ ಕ್ಯಾಂಪು ಅಂತ ಸಾಹೇಬರು ಹೊಸ ಲುಂಗಿ, ಬೆಡ್‌ಶೀಟು, ಓದಲಿಕ್ಕೆ ಮೂರು ವಾರಪತ್ರಿಕೆ ತಂದಿದ್ದರು. ಊಟ ಶಿರಸಿಯಿಂದಲೇ ಕ್ಯಾರಿಯರಿನಲ್ಲಿ ಬಂತು. ಉಂಡು ಕೆಳಗಿನ ಹಲಗೆಯ ಮೇಲೆ ಅಡ್ಡಾದರು. ತಗಡಿನ ಛಾವಣಿ ಕಾದಿತ್ತು. ಕಿಟಕಿ ತೆರೆದರೆ ನೊಣ, ಮುಚ್ಚಿದರೆ ಬೆವರು. ಮೂರು ಗಂಟೆಗೆ ಮಂಗಗಳ ಹಿಂಡೊಂದು ಬಂದು ಛಾವಣಿಯ ಮೇಲೆ ಕುಣಿಯಿತು. ಸಾಹೇಬರು ಹೊರಗೆ ಬಂದು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಜೀಪು ಹತ್ತಿ ಯಲ್ಲಾಪುರದ ಬಂಗಲೆಗೆ ಹೋದರು.

ಮಾರನೇ ದಿನ ಟ್ರೇಲರು ಶಿರಸಿಗೆ ವಾಪಸು ಬಂತು. ಕ್ಯಾಂಪಿನ ದಿನಚರಿಯಲ್ಲಿ ಸಾಹೇಬರು ಸ್ವಂತ ಕೈಯಲ್ಲಿ ಬರೆದಿದ್ದರು: "ಕ್ಯಾಂಪನ್ನು ಮೊಟಕುಗೊಳಿಸಲಾಗಿದೆ. ಕಾರಣ, ಸದರಿ ಸ್ಥಳದ ಸುತ್ತ ಕಾಡಿರುವುದು ಕಂಡುಬಂದಿದೆ."

೨. ಮೊಟ್ಟೆಗೂ ಮರಿಗೂ ವ್ಯತ್ಯಾಸ

ಟ್ರೇಲರನ್ನು ಹಲಸಿನ ಮರದ ಕೆಳಗೆ ನಿಲ್ಲಿಸಿ ಬೀಗ ಹಾಕಿದೆ. ತಿಂಗಳೊಳಗೆ ಗೊರವಂಕದ ಜೋಡಿಯೊಂದು ಛಾವಣಿಯ ತೂತಿನಿಂದ ಒಳಗೆ ಹೋಗಿ ಮೇಲಿನ ಹಲಗೆಯಲ್ಲಿ ಸಂಸಾರ ಹೂಡಿತು. ಒಣ ಹುಲ್ಲು, ಪ್ಲಾಸ್ಟಿಕ್ ಚೂರು, ನಮ್ಮ ಕಚೇರಿಯ ಕಿಟಕಿಯಿಂದ ಕದ್ದ ಫೈಲು ಕಟ್ಟುವ ಕೆಂಪು ದಾರ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಗೂಡು ಕಟ್ಟಿತ್ತು.

ಸಾಹೇಬರಿಗೆ ಹೇಳಿದೆ. "ಓಡಿಸಿ" ಅಂದರು.

"ಮೊಟ್ಟೆ ಇಟ್ಟಿದೆ ಸರ್."

ಸಾಹೇಬರು ಯೋಚಿಸಿದರು. ಮೊಟ್ಟೆ ಒಡೆದ ಪಾಪ ತನಗೆ ಬೇಡ, ಒಡೆಯದ ಹೊಣೆಯೂ ತನಗೆ ಬೇಡ. "ಬರವಣಿಗೆಯಲ್ಲಿ ಕೊಡಿ, ಮೇಲೆ ಕಳಿಸೋಣ" ಅಂದರು.

ಕಳಿಸಿದೆವು. ಮೇಲಿನಿಂದ ಪ್ರಶ್ನೆಗಳು ಬಂದವು. ಹಕ್ಕಿ ಯಾವುದು, ಎಷ್ಟು, ಯಾವ ದಿನಾಂಕದಿಂದ ವಾಸವಾಗಿವೆ, ಅವು ಪ್ರವೇಶಿಸುವಾಗ ಬಾಗಿಲಿಗೆ ಬೀಗ ಹಾಕಿತ್ತೇ, ಹಾಕಿದ್ದಲ್ಲಿ ಹೇಗೆ ಪ್ರವೇಶಿಸಿದವು, ಯಾರ ಅನುಮತಿ ಪಡೆಯಲಾಗಿದೆ.

ಟೈಪಿಸ್ಟ್ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. "ಇದಕ್ಕೆ ಎಂತ ಬರೆಯವು? ಅನುಮತಿ ಯಾರದ್ದು ಹೇಳಿ ಕೇಳಿದ್ದ. ಆನು ಹೋಗಿ ಗೊರವಂಕನ ಹತ್ರ ಕೇಳ್ಕಂಡು ಬರ್ತೆ ಹೇಳಿ ಬರೆಯಲಾ?"

"ಹಕ್ಕಿ ಎರಡು, ಮರಿ ಮೂರು, ಅಷ್ಟು ಬರಿ ಸಾಕು" ಅಂದೆ. ಅಷ್ಟರೊಳಗೆ ಮೊಟ್ಟೆ ಒಡೆದು ಮರಿಯಾಗಿತ್ತು.

ಮರುಟಪಾಲಿಗೆ ಉತ್ತರ ಬಂತು. "ಮೊದಲ ಪತ್ರದಲ್ಲಿ ಮೊಟ್ಟೆ ಎಂದು ನಮೂದಿಸಿದ್ದು, ಎರಡನೇ ಪತ್ರದಲ್ಲಿ ಮರಿ ಎಂದು ತಿಳಿಸಿರುತ್ತೀರಿ. ಸದರಿ ವ್ಯತ್ಯಾಸಕ್ಕೆ ಸೂಕ್ತ ವಿವರಣೆ ನೀಡತಕ್ಕದ್ದು."

ವಿವರಣೆ ಕೊಡುವ ಕೆಲಸ ಸಾಹೇಬರೇ ವಹಿಸಿಕೊಂಡರು. ಎರಡು ದಿನ ಕೂತು, ಮೊಟ್ಟೆಯಿಂದ ಮರಿ ಬರುವುದು ರೂಢಿಯಲ್ಲಿದೆ ಎಂದು ಒಂದು ಪುಟ ಬರೆದರು. ಅದಕ್ಕೆ ಉತ್ತರವಾಗಿ, ಏಳು ದಿನದೊಳಗೆ ಹಕ್ಕಿಗಳನ್ನು ತೆರವುಗೊಳಿಸಿ ವರದಿ ಮಾಡಿ ಅಂತ ಆದೇಶ ಬಂತು. ಆದೇಶ ಕೈಗೆ ಸಿಕ್ಕ ದಿನ ಟ್ರೇಲರಿನ ಬಾಗಿಲು ತೆಗೆದು ನೋಡಿದೆ. ಗೂಡು ಖಾಲಿ. ಮರಿಗಳು ಹಾರಿ ವಾರವಾಗಿತ್ತು.

"ಆದೇಶ ಪಾಲಿಸಲಾಗಿದೆ" ಅಂತ ಸಾಹೇಬರು ಬರೆದು ಸಹಿ ಹಾಕಿದರು. ಹದಿನೈದು ದಿನಕ್ಕೆ ಮೇಲಿನಿಂದ ಮೆಚ್ಚುಗೆ ಪತ್ರ ಬಂತು. ಯಾವುದೇ ಬಲಪ್ರಯೋಗವಿಲ್ಲದೆ, ಪ್ರಾಣಹಾನಿಯಿಲ್ಲದೆ ಒತ್ತುವರಿ ತೆರವು ಮಾಡಿಸಿದ್ದಕ್ಕೆ. ಸಾಹೇಬರು ಅದಕ್ಕೆ ಫ್ರೇಮು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದರು. ಅವರ ಸರ್ವೀಸಿನಲ್ಲಿ ಗಡುವಿಗೆ ಮೊದಲೇ ಮುಗಿದ ಕೆಲಸ ಅದೊಂದೇ.

೩. ಕೋಳಿ ಜಾಲರಿ

ಮುಂದಿನ ಸಾಹೇಬರು ಪತ್ರ ನಂಬುವವರಲ್ಲ, ಕಬ್ಬಿಣ ನಂಬುವವರು. "ತೂತಿಗೆಲ್ಲ ಜಾಲರಿ ಹೊಡೆಸಿ, ಹಕ್ಕಿ ಹೇಗೆ ಬರ್ತದೆ ನೋಡುವಾ" ಅಂದರು.

ಕೆಲಸ ಹಿಡಿದ ಗುತ್ತಿಗೆದಾರ ಒಂದೇ ದಿನದಲ್ಲಿ ಕಿಟಕಿಗೂ ಛಾವಣಿಯ ತೂತಿಗೂ ಜಾಲರಿ ಹೊಡೆದು ಹೋದ. ಕೋಳಿಗೂಡಿಗೆ ಹೊಡೆಯುತ್ತಾರಲ್ಲ, ಆ ದೊಡ್ಡ ಕಣ್ಣಿನ ಜಾಲರಿ. ಎರಡು ಬೆರಳು ಸೇರಿಸಿ ತೂರಿಸಿ ನೋಡಿದೆ, ಆರಾಮಾಗಿ ಹೋಯಿತು. ಗುಬ್ಬಿಯೂ ಆರಾಮಾಗಿ ಹೋಯಿತು.

ಅದಕ್ಕಿಂತ ಮೊದಲು ಗುಬ್ಬಿಗಳಿಗೆ ಅಲ್ಲಿ ನೆಮ್ಮದಿ ಇರಲಿಲ್ಲ. ಮರದ ಮೇಲಿನ ಕಾಗೆ ತೂತಿನಿಂದ ಇಳಿದು ಮೊಟ್ಟೆ ತಿಂದು ಹೋಗುತ್ತಿತ್ತು. ಈಗ ಕಾಗೆಗೆ ಜಾಲರಿ ಅಡ್ಡ ಬಂತು. ಅದು ಹೊರಗೆ ಕೂತು ಕತ್ತು ಓರೆ ಮಾಡಿ ಒಳಗೆ ನೋಡುವುದು, ಗುಬ್ಬಿ ಒಳಗಿನಿಂದ ಅದನ್ನು ನೋಡುವುದು. ಆ ವರ್ಷ ಟ್ರೇಲರಿನೊಳಗೆ ಗುಬ್ಬಿಗಳ ಐದು ಸಂಸಾರ ಆಯಿತು. ಎರಡು ಕೆಳಗಿನ ಹಲಗೆಯಲ್ಲಿ, ಎರಡು ಮೇಲಿನದರಲ್ಲಿ, ಒಂದು ಸ್ಟೋವ್ ಕಟ್ಟೆಯ ಮೇಲೆ.

ಸಾಹೇಬರು ಗುತ್ತಿಗೆದಾರನನ್ನು ಕರೆಸಿ ಬೈದರು. "ಹಕ್ಕಿ ಬರಬಾರದು ಅಂತ ಅಲ್ವ ನಿಮಗೆ ಹೇಳಿದ್ದು?"

ಅವನು ಟ್ರೇಲರಿಗೊಂದು ಸುತ್ತು ಬಂದ. ಛಾವಣಿಯ ಮೇಲೆ ಸಪ್ಪೆ ಮುಖ ಮಾಡಿ ಕೂತಿದ್ದ ಕಾಗೆಯನ್ನು ತೋರಿಸಿ, "ಅದು ಹಕ್ಕಿ ಅಲ್ವ ಸರ್?" ಅಂದ.

೪. ಮಳೆಕೋಟಿನ ಸಾಹೇಬರು

ಕಬ್ಬಿಣವೂ ಸೋತ ಮೇಲೆ ರೋಲರ್ ಡ್ರೈವರು ಮುಂದೆ ಬಂದ. "ನಮ್ಮ ಹೊಲದಾಗ ಬೆರ್ಚಪ್ಪ ನಿಲ್ಲಿಸಿದ್ರ ಒಂದು ಗಿಳಿ ಸುಳಿಯಂಗಿಲ್ರಿ. ನನಗ ಬಿಡ್ರಿ, ನಾ ಮಾಡ್ತೀನಿ."

ವರ್ಗವಾಗಿ ಹೋದ ಸಾಹೇಬರೊಬ್ಬರು ಬಿಟ್ಟುಹೋದ ಮಳೆಕೋಟು, ಬಿಸಿಲ ಟೋಪಿ ಸ್ಟೋರಿನಲ್ಲಿದ್ದವು. ಡ್ರೈವರು ಹುಲ್ಲು ತುಂಬಿ, ಕೈಗೆ ಬಿದಿರು ಕೊಟ್ಟು, ಒಂದು ಕೈ ಮುರಿದ ಕುರ್ಚಿಯಲ್ಲಿ ಕೂರಿಸಿ, ಟ್ರೇಲರಿನ ಬಾಗಿಲ ಮುಂದೆ ಇಟ್ಟ. ಟೋಪಿ ಮುಖ ಮುಚ್ಚುವಷ್ಟು ಕೆಳಗೆ. ದೂರದಿಂದ ನೋಡಿದರೆ ಊಟವಾದ ಮೇಲೆ ಕುರ್ಚಿಯಲ್ಲೇ ಒರಗಿದ ಸಾಹೇಬರು. ಹತ್ತಿರದಿಂದ ನೋಡಿದರೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಮೂರನೇ ದಿನ ಎಕ್ಕಂಬಿ ಕಡೆಯ ಒಬ್ಬ ಮುದುಕ ಬಂದ. ಅವನ ಊರಿನ ದಾರಿಯಲ್ಲಿ ಮೋರಿ ಕುಸಿದು ಎತ್ತಿನ ಗಾಡಿ ದಾಟುತ್ತಿರಲಿಲ್ಲ. ಹಿಂದಿನ ಸಾಹೇಬರುಗಳ ಕಾಲದಲ್ಲೇ ಅರ್ಜಿ ಹಿಡಿದು ಆರು ಸಲ ಬಂದಿದ್ದ. ಆ ದಿನ ಸಾಹೇಬರು ಸೀಟಿನಲ್ಲಿರಲಿಲ್ಲ. ಮುದುಕ ಹಿಂದಿನ ಅಂಗಳಕ್ಕೆ ಬಂದದ್ದನ್ನು ನಾನು ಸ್ಟೋರಿನ ಕಿಟಕಿಯಿಂದ ನೋಡಿದೆ. ಚಪ್ಪಲಿ ದೂರದಲ್ಲಿ ಬಿಟ್ಟ. ಕೊಡೆ ಕಂಕುಳಲ್ಲಿ ಸಿಕ್ಕಿಸಿದ. ಬೆರ್ಚಪ್ಪನ ಮುಂದೆ ಕೈಮುಗಿದು ನಿಂತು ಶುರುಮಾಡಿದ. ಮೋರಿ ಯಾವಾಗ ಕುಸಿಯಿತು, ಯಾರ ಎತ್ತಿನ ಕಾಲು ಮುರಿಯಿತು, ಸೊಸೆಯನ್ನು ಹೆರಿಗೆಗೆ ಹೇಗೆ ಹೊತ್ತುಕೊಂಡು ದಾಟಿಸಿದರು, ಒಂದನ್ನೂ ಬಿಡದೆ ಹೇಳಿದ. ನಾನು ಓಡಿಹೋಗಿ ತಡೆಯಬೇಕು ಅಂತ ಎದ್ದವನು ಸೊಸೆಯ ಸುದ್ದಿ ಕೇಳಿ ಅಲ್ಲೇ ನಿಂತೆ. ಕೊನೆಗೆ ಅವನು ಅರ್ಜಿಯನ್ನು ಎರಡು ಮಡಿಕೆ ಮಾಡಿ ಮಳೆಕೋಟಿನ ಕಿಸೆಯಲ್ಲಿ ಇಟ್ಟು ತಿರುಗಿದ.

ಬಾಗಿಲಲ್ಲಿ ಎದುರಾದ. "ಸಾಹೇಬರು ಏನಂದರು?" ಅಂತ ಕೇಳಿದೆ, ಬೇರೆ ಏನು ಕೇಳಬೇಕೋ ತೋಚದೆ.

"ಏನೂ ಅನ್ನಲಿಲ್ರಿ. ಆದ್ರ ಪೂರ್ತಿ ಕೇಳಿದ್ರು ನೋಡ್ರಿ. ಇಷ್ಟು ವರ್ಷದಾಗ ಯಾರೂ ಪೂರ್ತಿ ಕೇಳಿದ್ದಿಲ್ಲ. ಬಾಯಿ ತೆಗೆಯೂದ್ರಾಗ ನಾಳೆ ಬಾ ಅಂತಿದ್ರು."

ಅವನನ್ನು ಹಾಗೇ ಕಳಿಸಿದೆ. ಮಳೆಕೋಟಿನ ಕಿಸೆಯಿಂದ ಅರ್ಜಿ ತೆಗೆದು ಸಂಜೆ ಸಾಹೇಬರ ಮುಂದೆ ಇಟ್ಟೆ. ಯಾರ ಕೈಗೆ ಕೊಟ್ಟದ್ದು ಅಂತ ಕೇಳಿದರು. ನಡೆದದ್ದು ಹೇಳಿದೆ. ಸಾಹೇಬರು ಅರ್ಜಿ ಬಿಡಿಸಿ ಪೂರ್ತಿ ಓದಿದರು. ಆಮೇಲೆ ಸಹಿ ಹಾಕಿದರು. ಮಳೆಗಾಲಕ್ಕೆ ಮೊದಲು ಮೋರಿ ಆಯಿತು.

ಮುದುಕ ಮತ್ತೆ ಬಂದ, ಈ ಸಲ ಒಂದು ಬಾಳೆಗೊನೆ ಹೊತ್ತುಕೊಂಡು. ಸಾಹೇಬರು ತಮ್ಮ ಕೋಣೆಯ ಕಿಟಕಿಯಲ್ಲಿ ನಿಂತಿದ್ದರು. ಅವರನ್ನು ಯಾರೋ ಗುಮಾಸ್ತ ಅಂತ ತಿಳಿದು ಮುದುಕ ನಮಸ್ಕಾರವನ್ನೂ ಮಾಡದೆ ನೇರ ಟ್ರೇಲರಿನ ಹತ್ತಿರ ಹೋಗಿ, ಗೊನೆಯನ್ನು ಬೆರ್ಚಪ್ಪನ ಕಾಲ ಬಳಿ ಇಟ್ಟು ಅಡ್ಡಬಿದ್ದ.

"ನಾಳೆಯೇ ಅದನ್ನ ಅಲ್ಲಿಂದ ತೆಗೆಸಿ" ಅಂದರು ಸಾಹೇಬರು.

ನಮ್ಮ ಕಚೇರಿಯಲ್ಲಿ ನಾಳೆ ಬರಲು ಹದಿನೈದು ದಿನ ಹಿಡಿಯಿತು. ತೆಗೆಯಲು ಹೋದರೆ ಆಗಲಿಲ್ಲ. ಗಾಳಿಗೆ ಟೋಪಿ ಮಗುಚಿ ಬೆರ್ಚಪ್ಪನ ತೊಡೆಯ ಮೇಲೆ ಬಿದ್ದಿತ್ತು, ಅದರೊಳಗೆ ಪಿಕಳಾರವೊಂದು ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ಸಾಹೇಬರೊಬ್ಬರ ಟೋಪಿಯೊಳಗೆ ಏನಾದರೂ ಹುಟ್ಟಿದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

೫. ನಿಮ್ಮ ಹಾವು, ನಮ್ಮ ಅಂಗಳ

ಅವರ ನಂತರದ ಸಾಹೇಬರು ಹುಬ್ಬಳ್ಳಿಯಿಂದ ಒಂದು ರಬ್ಬರ್ ನಾಗರಹಾವು ತಂದರು. ಹೆಡೆ ಎತ್ತಿದ್ದು, ಮೂರಡಿ ಉದ್ದ, ಕಣ್ಣಿಗೆ ಕೆಂಪು ಮಣಿ. ಟೈಪಿಸ್ಟ್ ಅದನ್ನು ನೋಡಿ ಮೇಜಿನ ಮೇಲೆ ಕಾಲು ಎತ್ತಿಟ್ಟುಕೊಂಡ. "ರಬ್ಬರ್ ಹೇಳಿ ಆನು ಬಲ್ಲೆ. ಆದ್ರೂ ಅದನ್ನ ಆಚೆ ತಗಂಡು ಹೋಗಿ" ಅಂದ.

ಇಲಾಖೆಯ ಸಾಮಾನು ಅಂದ ಮೇಲೆ ಅದರ ಮೇಲೆ ಬಿಳಿ ಬಣ್ಣದಲ್ಲಿ ಕಚೇರಿಯ ಹೆಸರು ಬರೆಸುವುದು ನಿಯಮ. ಗುದ್ದಲಿ, ಬಕೆಟ್ಟು, ಕುರ್ಚಿ, ಎಲ್ಲದಕ್ಕೂ ಬರೆಸಿದ ಹಾಗೆ ಹಾವಿನ ಹೊಟ್ಟೆಗೂ ಬರೆಸಿದೆ. ಬೆನ್ನಿನ ಮೇಲೆ ಬರೆದರೆ ಹಕ್ಕಿಗಳಿಗೆ ಸಂಶಯ ಬಂದೀತು ಅಂತ ಪೇಂಟರನೇ ಹೇಳಿದ್ದು.

ಹಾವನ್ನು ಟ್ರೇಲರಿನ ಛಾವಣಿಯ ಮೇಲೆ ಇಟ್ಟೆವು. ಮೊದಲ ದಿನ ಶಿರಸಿಯ ಹಕ್ಕಿಗಳೆಲ್ಲ ಬಂದು ಹಲಸಿನ ಮರದಲ್ಲಿ ಸಭೆ ಸೇರಿ ಕೂಗಿದವು. ಸಾಹೇಬರು ಖುಷಿಯಿಂದ ಕೈ ಉಜ್ಜಿಕೊಂಡರು. ಎರಡನೇ ದಿನ ಕೂಗು ಕಡಿಮೆಯಾಯಿತು. ಮೂರನೇ ದಿನ ಒಂದು ಗುಬ್ಬಿ ಹಾವಿನ ಹೆಡೆಯ ಮೇಲೆ ಕೂತು ಕೊಕ್ಕು ಒರೆಸಿಕೊಂಡಿತು.

ನಾಲ್ಕನೇ ದಿನ ಮೇಲಿನಿಂದ ಒಂದು ಹದ್ದು ಇಳಿಯಿತು. ಅದು ಮಾತ್ರ ಸಾಹೇಬರು ತಂದದ್ದನ್ನು ನಿಜವಾದ ಹಾವು ಅಂತ ನಂಬಿತ್ತು. ನಾವು ನೋಡುತ್ತಿದ್ದ ಹಾಗೇ ಎತ್ತಿಕೊಂಡು ರಸ್ತೆ ದಾಟಿತು. ಆಚೆ ಬದಿ ಇನ್ನೊಂದು ಇಲಾಖೆಯ ಕಚೇರಿ. ಅಲ್ಲಿನ ಅಂಗಳದಲ್ಲಿ ಪೆಂಡಾಲು ಹಾಕಿ ಯಾವುದೋ ತಿಳಿವಳಿಕೆ ಶಿಬಿರ ನಡೆದಿತ್ತು. ಹದ್ದಿಗೆ ರಬ್ಬರಿನ ರುಚಿ ಗೊತ್ತಾದದ್ದು ಸರಿಯಾಗಿ ಅದರ ಮೇಲೆ ಬಂದಾಗ. ಬಿಟ್ಟುಬಿಟ್ಟಿತು. ಧ್ವನಿವರ್ಧಕದಲ್ಲಿ ಭಾಷಣ ಅರ್ಧಕ್ಕೆ ನಿಂತದ್ದು, ಕುರ್ಚಿಗಳು ಉರುಳಿದ್ದು ನಮಗೆ ಇಲ್ಲಿಗೇ ಕೇಳಿತು. ಶಿಬಿರ ಆ ದಿನ ಮುಂದುವರಿಯಲಿಲ್ಲ.

ಸಾಹೇಬರು ಸಿದ್ದಾಪುರಕ್ಕೆ ಹೋಗಿದ್ದರು. ವಾಪಸು ಬಂದು ಹಾವು ಎಲ್ಲಿ ಅಂತ ಕೇಳಿದರು. "ಆ ಕಡೆ ಕಚೇರಿಗೆ ಹೋಗಿದೆ ಸರ್" ಅಂದೆ. ಮಾರನೇ ದಿನ ಅಲ್ಲಿಂದ ಒಬ್ಬ ಜವಾನ, ಕೋಲಿನ ತುದಿಯಲ್ಲಿ ಹಾವು, ಜೊತೆಗೊಂದು ಲಕೋಟೆ. ಸಾಹೇಬರು ಓದಿ ನನ್ನ ಕೈಗೆ ಕೊಟ್ಟರು.

"ತಮ್ಮ ಕಚೇರಿಗೆ ಸೇರಿದ ಹಾವು ಒಂದು ಯಾವುದೇ ಪೂರ್ವಸೂಚನೆ ಇಲ್ಲದೆ ನಮ್ಮ ಕಚೇರಿಗೆ ಬಂದಿದ್ದು, ಅದನ್ನು ಇದರೊಂದಿಗೆ ಹಿಂತಿರುಗಿಸಲಾಗಿದೆ. ಇನ್ನು ಮುಂದೆ ತಮ್ಮ ಹಾವುಗಳನ್ನು ಕಳಿಸುವುದಿದ್ದಲ್ಲಿ ಸೂಕ್ತ ಮಾರ್ಗದ ಮೂಲಕ ಕಳಿಸತಕ್ಕದ್ದು."

೬. ಪ್ರಥಮ ಚಿಕಿತ್ಸೆ

ಎರಡು ಸಾವಿರ ದಾಟಿದ ಮೇಲಿನ ಮಾತು. ದೊಡ್ಡ ಸಾಹೇಬರು ಯಲ್ಲಾಪುರ ರಸ್ತೆಯ ಕೆಲಸ ನೋಡಲು ಬರುತ್ತಾರೆ ಅಂತ ಫೋನು ಬಂತು. ನಮ್ಮ ಸಾಹೇಬರು ಅದನ್ನು ಕೇಳಿದವರೇ ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡರು. ಪ್ರತಿ ತಿಂಗಳ ವರದಿಯಲ್ಲಿ ನಮ್ಮ ಕಚೇರಿ ಒಂದು ಸಾಲು ಬರೆಯುತ್ತಿತ್ತು: ಕ್ಯಾಂಪ್ ಟ್ರೇಲರು ಯಲ್ಲಾಪುರ ರಸ್ತೆಯ ಕೆಲಸದ ಸ್ಥಳದಲ್ಲಿ ಸತತ ಬಳಕೆಯಲ್ಲಿದೆ. ಒಬ್ಬ ಸಾಹೇಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದು, ಆ ಸಾಲಿಗೆ ಏಳೆಂಟು ವರ್ಷ ವಯಸ್ಸಾಗಿತ್ತು. ಈಗ ದೊಡ್ಡ ಸಾಹೇಬರು ಟ್ರೇಲರನ್ನೂ ನೋಡುತ್ತೇನೆ ಅಂದಿದ್ದರು.

"ಮೂರು ದಿನದೊಳಗೆ ತೊಳೆದು, ಬಣ್ಣ ಬಳಿದು, ಅಲ್ಲಿ ನಿಲ್ಲಿಸಬೇಕು. ಒಳಗೆ ಒಂದು ಪುಕ್ಕ ಕಂಡರೂ ನಿಮ್ಮನ್ನು ಘಟ್ಟದ ಕೆಳಗೆ ಹಾಕಿಸ್ತೇನೆ" ಅಂದರು.

ನಾನು ಇಸಳೂರಿನಲ್ಲಿ ಮನೆ ಕಟ್ಟಿ ಒಂದು ವರ್ಷವೂ ಆಗಿರಲಿಲ್ಲ. ಹೆಂಡತಿ ಅಲ್ಲಿಯೇ ಶಾಲೆಯಲ್ಲಿ ಟೀಚರು. ಮನೆಗೆ ಹೋಗಿ ಹೇಳಿದೆ. ಅವಳು ತರಕಾರಿ ಹೆಚ್ಚುವುದು ನಿಲ್ಲಿಸದೆ ಅಂದಳು, "ಹಕ್ಕಿ ಮರಿ ಮಾಡಿದ್ದಕ್ಕೆ ನಿಂಗಕ್ಕೆ ವರ್ಗನಾ? ಹಂಗಾರೆ ಹೆರಿಗೆ ಆಸ್ಪತ್ರೆ ಡಾಕ್ಟ್ರನ್ನ ಎಲ್ಲಿಗೆ ಹಾಕ್ತ?" ಹೇಳಿದ್ದು ತಮಾಷೆಯಾಗಿ. ಆದರೆ ಆ ದಿನ ಸಾರಿಗೆ ಉಪ್ಪು ಹಾಕುವುದು ಮರೆತಳು.

ಹಳೇ ಗೂಡುಗಳನ್ನೆಲ್ಲ ತೆಗೆದೆವು, ಎಲ್ಲ ಖಾಲಿ. ಬಾಗಿಲು ತೆರೆದಿಟ್ಟು ನೀರು ಹೊಡೆದು ತೊಳೆದೆವು. ಹೊರಗೆ ಹಳದಿ ಬಣ್ಣ ಬಳಿಸಿದೆವು. ತಪಾಸಣೆಯ ದಿನ ಬೆಳಿಗ್ಗೆ ಡ್ರೈವರು ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿದ. ನಾನು ಅವನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ. ಸಾಹೇಬರು ಜೀಪಿನಲ್ಲಿ ಮುಂದೆ ಹೋದರು.

ಮಂಚಿಕೇರಿಯಲ್ಲಿ ಚಹಕ್ಕೆ ನಿಲ್ಲಿಸಿದಾಗ ಟ್ರೇಲರಿನೊಳಗಿಂದ ಚಿಂವ್ ಚಿಂವ್ ಅಂತ ಕೇಳಿತು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ನೋಡಿದೆ. ತೆರೆದ ಬಾಗಿಲ ಹಿಂದೆ ಅಡಗುವ ಜಾಗದಲ್ಲಿ, ಗೋಡೆಗೆ ಹೊಡೆದ ಪ್ರಥಮ ಚಿಕಿತ್ಸೆಯ ಮರದ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ಮೂಲೆ ಮುರಿದಿತ್ತು. ತೆರೆದರೆ ಒಳಗೆ ಹತ್ತಿಯ ಸುರುಳಿಯ ಮೇಲೆ ಮಡಿವಾಳ ಹಕ್ಕಿಯ ನಾಲ್ಕು ಮರಿಗಳು, ರೆಕ್ಕೆ ಇನ್ನೂ ಮೂಡುತ್ತಿದ್ದವು, ನಾಲ್ಕೂ ಬಾಯಿ ತೆರೆದುಕೊಂಡು ಕೂತಿದ್ದವು. ಕಿಟಕಿಯ ಜಾಲರಿಯ ಹರುಕಿನಿಂದ ತಾಯಿತಂದೆ ಓಡಾಡುತ್ತಿದ್ದದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಡ್ರೈವರು ಇಣುಕಿ ನೋಡಿದ. "ಅವ್ವ ಅಪ್ಪ ಶಿರಸ್ಯಾಗ ಉಳಿದ್ರು, ಮಕ್ಕಳು ಡ್ಯೂಟಿ ಮ್ಯಾಗ ಹೊಂಟಾವ್ರಿ" ಅಂದ.

ವಾಪಸು ಹೋಗಲು ಹೊತ್ತಿರಲಿಲ್ಲ. ಗೂಡು ಕಿತ್ತು ರಸ್ತೆಬದಿಗೆ ಇಡಲು ಇಬ್ಬರಿಗೂ ಕೈ ಬರಲಿಲ್ಲ. ಪುಕ್ಕ ಕಾಣಬಾರದು ಅಂತ ಸಾಹೇಬರ ಆಜ್ಞೆ, ಇವಕ್ಕೆ ಪುಕ್ಕ ಇನ್ನೂ ಸರಿಯಾಗಿ ಬಂದೇ ಇಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊಟ್ಟೆ ತುಂಬಿದ್ದರೆ ಸುಮ್ಮನಿದ್ದಾವು ಎಂದು ಇಬ್ಬರೂ ರಸ್ತೆಬದಿಯ ಹುಲ್ಲಿನಲ್ಲಿ ಬಗ್ಗಿ ಮಿಡತೆ ಹಿಡಿಯತೊಡಗಿದೆವು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಕಾಲು ಊರಿ ನಿಂತರು.

"ಎಂತ ಹುಡುಕ್ತಿದ್ರಿ?"

"ರಸ್ತೆ ಸರ್ವೆ" ಅಂದೆ.

"ರಸ್ತೆ ಹುಲ್ಲಿನೊಳಗೆ ಅದೆಯಾ?" ಅವರು ತಾವು ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿದರು. "ಇದ್ರೂ ಇರಬಹುದು, ಈ ದಾರಿಯಲ್ಲಂತೂ ಇಲ್ಲ" ಅಂತ ಹೇಳಿ ಹೋದರು.

ಮೂರು ಗಂಟೆಗೆ ದೊಡ್ಡ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ರಸ್ತೆ ನೋಡಿದರು. ಟ್ರೇಲರಿನೊಳಗೆ ಹತ್ತಿ ಕೆಳಗಿನ ಹಲಗೆಯ ಮೇಲೆ ಕೂತರು. ನಮ್ಮ ಸಾಹೇಬರು ಎದುರಿಗೆ ನಿಂತರು. ನಾನೂ ಡ್ರೈವರೂ ಬಾಗಿಲಲ್ಲಿ. ಅವರು ಕೂತ ರಭಸಕ್ಕೆ ಟ್ರೇಲರು ಸ್ವಲ್ಪ ಅಲ್ಲಾಡಿತು. ಚಿಂವ್ ಅಂತ ಕೇಳಿತು.

"ಅದೇನು ಶಬ್ದ?"

"ಸ್ಪ್ರಿಂಗು ಸರ್" ಅಂದರು ನಮ್ಮ ಸಾಹೇಬರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಸತತ ಬಳಕೆಯಿಂದ ಸವೆದಿದೆ. ಗ್ರೀಸು ಹಾಕಿಸ್ತೇನೆ."

ದೊಡ್ಡ ಸಾಹೇಬರು ಅಲ್ಲಾಡದೆ ಕೂತರು. ಸ್ಪ್ರಿಂಗು ಮತ್ತೂ ಜೋರಾಗಿ ಕೂಗಿತು. ಅವರು ಎದ್ದು ಕಿಟಕಿಯ ಜಾಲರಿ ಎಳೆದು ನೋಡಿದರು. ಹರಿದ ತಂತಿ ಬೆರಳಿಗೆ ಚುಚ್ಚಿ ರಕ್ತ ಬಂತು.

"ಫಸ್ಟ್ ಏಡ್ ಪೆಟ್ಟಿಗೆ ಇದೆಯಾ?"

"ಇದೆ ಸರ್, ಎಲ್ಲ ವ್ಯವಸ್ಥೆ ಇದೆ ಸರ್" ಅಂತ ಹೇಳಿ ನಮ್ಮ ಸಾಹೇಬರು ನನಗಿಂತ ಮೊದಲೇ ಮುನ್ನುಗ್ಗಿ ಬಾಗಿಲು ಎಳೆದು, ಪೆಟ್ಟಿಗೆಯ ಮುಚ್ಚಳ ತೆರೆದು, ದೊಡ್ಡ ಸಾಹೇಬರಿಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಂತರು.

ನಾಲ್ಕು ಹಳದಿ ಬಾಯಿಗಳು ಒಟ್ಟಿಗೆ ತೆರೆದವು.

ಘಟ್ಟದ ಕೆಳಗಿನ ಸೆಖೆ ನನಗೆ ಅಲ್ಲೇ ಶುರುವಾಯಿತು. ಆಗ ಡ್ರೈವರು ಬಾಗಿಲಿಂದ ವಿನಯವಾಗಿ ಹೇಳಿದ, "ಸಾಹೇಬ್ರ, ಪೇಶಂಟ್ ಮೊದ್ಲೇ ಅಡ್ಮಿಟ್ ಆಗ್ಯಾವ್ರಿ. ಬೆಡ್ ಖಾಲಿ ಇಲ್ರಿ."

ದೊಡ್ಡ ಸಾಹೇಬರ ಮೀಸೆ ಅಲ್ಲಾಡಿತು. ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು, ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದರು. "ಇವುಗಳ ತಾಯಿ ಎಲ್ಲಿ?"

"ಶಿರಸ್ಯಾಗ ಐತ್ರಿ" ಅಂದ ಡ್ರೈವರು. ಸುಳ್ಳು ಹೇಳುವ ಅಭ್ಯಾಸ ಅವನಿಗೆ ಇರಲಿಲ್ಲ, ಅದು ಕಚೇರಿಯೊಳಗೆ ಕೂರುವ ನಮ್ಮ ಕೆಲಸ.

"ಶಿರಸಿಯಲ್ಲಿ? ಟ್ರೇಲರು ವರ್ಷಗಟ್ಟಲೆಯಿಂದ ಇಲ್ಲೇ ನಿಂತಿದೆ ಅಂತ ವರದಿ ಇದೆ. ಮರಿ ಇಲ್ಲಿ, ತಾಯಿ ಐವತ್ತು ಕಿಲೋಮೀಟರ್ ದೂರ. ಹೇಗೆ?"

ನಮ್ಮ ಸಾಹೇಬರು ಅನುಭವಸ್ಥರು, ಬಿಟ್ಟುಕೊಡಲಿಲ್ಲ. "ಅದು... ಶಿರಸಿಯಿಂದ ದಿನಾ ಹೋಗಿಬಂದು ಮಾಡ್ತದೆ ಸರ್" ಅಂದರು.

"ನಿಮ್ಮ ಹಾಗೇ?" ಅಂದರು ದೊಡ್ಡ ಸಾಹೇಬರು.

ನನ್ನ ಕಡೆ ತಿರುಗಿ, "ಇವನ್ನು ಈಗಲೇ ಶಿರಸಿಗೆ, ತಾಯಿಯ ಹತ್ತಿರ ಮುಟ್ಟಿಸಿ. ಉಳಿದ ತಪಾಸಣೆ ನಿಮ್ಮ ಸಾಹೇಬರ ಜೊತೆ ನಾನು ಮಾಡ್ತೇನೆ" ಅಂದರು. ದಾರಿಯುದ್ದಕ್ಕೂ ಮೂರು ಕಡೆ ನಿಲ್ಲಿಸಿ ಮಿಡತೆ ತಿನ್ನಿಸಿದೆವು. ಬಿಸಿಲು ಇಳಿಯುವ ಹೊತ್ತಿಗೆ ಅಂಗಳಕ್ಕೆ ಬಂದು ಹಲಸಿನ ಮರದ ಕೆಳಗೆ ಹಳೇ ಗುರುತಿನ ಮೇಲೆಯೇ ಗಾಲಿ ನಿಲ್ಲಿಸಿದೆವು. ಮರದಲ್ಲಿ ಕಪ್ಪು ಬಿಳಿಯ ಜೋಡಿ ಕೂತಿತ್ತು. ಎಂಜಿನ್ನಿನ ಸದ್ದು ನಿಂತು ಒಂದು ಬೀಡಿ ಸೇದುವಷ್ಟು ಹೊತ್ತಾಗಿರಬೇಕು, ಗಂಡುಹಕ್ಕಿ ಹುಳ ಕಚ್ಚಿಕೊಂಡು ಜಾಲರಿಯ ಹರುಕಿನಲ್ಲಿ ತೂರಿ ಹೋಯಿತು. ಡ್ರೈವರು ಪಂಜೆಯ ತುದಿಯಿಂದ ಮುಖ ಒರೆಸಿಕೊಂಡ, ನಾನು ಬೇರೆ ಕಡೆ ನೋಡಿದೆ.

ತಿಂಗಳೊಳಗೆ ನಮ್ಮ ಸಾಹೇಬರಿಗೆ ಘಟ್ಟದ ಕೆಳಗೆ ವರ್ಗವಾಯಿತು. ಅದರ ಬೆನ್ನಿಗೇ ತಪಾಸಣಾ ಟಿಪ್ಪಣಿ ಬಂತು. ಟೈಪಿಸ್ಟ್ ಗಟ್ಟಿಯಾಗಿ ಓದಿದ. ರಸ್ತೆಯ ಬಗ್ಗೆ, ಮೋರಿಗಳ ಬಗ್ಗೆ, ವರದಿಗಳ ಬಗ್ಗೆ ಎರಡು ಪುಟ ಇತ್ತು. ಒಂದೂ ಒಳ್ಳೆಯ ಮಾತಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅವನು ಒಮ್ಮೆ ತಡೆದು, ಕನ್ನಡಕ ಸರಿಮಾಡಿಕೊಂಡು ಓದಿದ:

"ಈ ಕಚೇರಿಯಲ್ಲಿ ಜೀವ ಉಳಿಸುವ ಕೆಲಸಕ್ಕೆ ಸರಿಯಾಗಿ ಬಳಕೆಯಾಗುತ್ತಿರುವುದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಒಂದೇ. ಅದರ ಉಸ್ತುವಾರಿಯನ್ನು ಎಂಜಿನಿಯರುಗಳಿಗೆ ವಹಿಸತಕ್ಕದ್ದಲ್ಲ."